ಗಂಧರ್ವರ ಪೇಟೆ ಕುಸಿದದ್ದು ಸೀರೆಯಿಂದಲ್ಲ

ಇಂಗ್ಲೆಂಡಿನ ಕ್ವೀನ್ ಎಂಬ ರಾಕ್ ತಂಡದ ಕಥೆಯನ್ನು ಸಂಗೀತಪ್ರಿಯ ತರುಣರು ಬಲ್ಲರು. 1980ರಲ್ಲಿ ಅಮೆರಿಕದ ಮಾರಾಟಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದ ಈ ತಂಡ ಕೆಲವೇ ವರ್ಷಗಳಲ್ಲಿ ಅಲ್ಲಿನ ಜನರಿಗೆ ಬೇಡವಾಯಿತು. ಕಾರಣವೇನೆಂದು ಕೇಳಿದರೆ ಸಿದ್ಧ ಉತ್ತರವೊಂದಿದೆ: 1984ರಲ್ಲಿ ‘ಐ ವಾಂಟ್ ಟು ಬ್ರೇಕ್ ಫ್ರೀ’ ಎಂಬ ಹಾಡಿನ ವೀಡಿಯೊದಲ್ಲಿ ತಂಡದ ನಾಲ್ವರೂ ಹೆಣ್ಣುವೇಷ ತೊಟ್ಟರು, ಬ್ರಿಟನ್ನಿನ ಜನ ನಕ್ಕರು, ಅಮೆರಿಕನ್ನರು ಮುಖ ಸಿಂಡರಿಸಿದರು, ಅಲ್ಲಿಗೆ ಮುಗಿಯಿತು. ಆ ತಂಡದ ಮುಖ್ಯ ಗಾಯಕ ಫ್ರೆಡ್ಡಿ ಮರ್ಕ್ಯುರಿ ಹುಟ್ಟಿನಿಂದ ಪಾರ್ಸಿ, ಫಾರೂಖ್ ಬುಲ್ಸಾರಾ. ಬಾಲ್ಯದಲ್ಲಿ ಓದಿದ್ದು ಸಾತಾರಾ ಜಿಲ್ಲೆಯ ಪಂಚಗಣಿಯಲ್ಲಿ. ಅದೇ ಮರಾಠಿ ಸೀಮೆಯಲ್ಲಿ, ಅವನಿಗಿಂತ ಅರ್ಧ ಶತಮಾನ ಮೊದಲು, ಸೀರೆಯುಟ್ಟು ರಂಗಕ್ಕೆ ಬಂದ ಒಬ್ಬ ಗಂಡಸು ಎರಡು ಭಾಷೆಗಳ ಜನರನ್ನು ಹುಚ್ಚು ಹಿಡಿಸಿದ್ದನ್ನೂ, ಆಮೇಲೆ ಆ ಎರಡರಲ್ಲಿ ಒಂದು ಪೇಟೆ ಅವರ ಕೈಬಿಟ್ಟು ಹೋದದ್ದನ್ನೂ ನಮ್ಮ ಭಾಗದ ಹಿರಿಯರು ಕೇಳಿ ಬಲ್ಲರು. ಅವರು ನಾರಾಯಣ ಶ್ರೀಪಾದ ರಾಜಹಂಸ, ಲೋಕಕ್ಕೆ ಬಾಲಗಂಧರ್ವ. ಕೈಬಿಟ್ಟ ಪೇಟೆ ಕನ್ನಡ ನಾಡು. ನಿರ್ದಿಷ್ಟವಾಗಿ ಹೇಳುವುದಾದರೆ ಬೆಳಗಾವಿ, ಧಾರವಾಡ, ವಿಜಾಪುರಗಳ ಮುಂಬಯಿ ಕರ್ನಾಟಕ.

ಇಲ್ಲಿಯೂ ಸಿದ್ಧ ಉತ್ತರವೊಂದಿದೆ, ಅದರ ಜಾಡು ಕ್ವೀನ್ ತಂಡದ್ದೇ. ವಯಸ್ಸು ಮೀರಿದ ಮೇಲೂ ಸೀರೆ ಬಿಡಲಿಲ್ಲ ಎಂಬುದು ಒಂದು ದೂರು. ಗೋಹರಬಾಯಿ ಎಂಬ ಹೆಂಗಸು ಬಂದು ಅವರನ್ನು ಹಾಳುಮಾಡಿದಳು ಎಂಬುದು ಇನ್ನೊಂದು, ಹೆಚ್ಚು ಕಟುವಾದದ್ದು. ಗೋಹರಬಾಯಿ ಕರ್ನಾಟಕಿ ನಮ್ಮವರು. ಅಂದಿನ ವಿಜಾಪುರ ಜಿಲ್ಲೆಯ, ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯ ಕನ್ನಡ ಮುಸ್ಲಿಂ ಮನೆತನದ ಮಗಳು. ಹಿಂದಿ ಚಿತ್ರಗೀತೆಗಳಲ್ಲಿ, ವಿಶೇಷವಾಗಿ 1943ರ ‘ಕಿಸ್ಮತ್’ ಚಿತ್ರದಲ್ಲಿ, ಹೆಸರು ಮಾಡಿ ವಿಜಾಪುರದಲ್ಲಿ ಟಾಕೀಸು ಕಟ್ಟಿಸಿದ ಅಮೀರಬಾಯಿ ಕರ್ನಾಟಕಿಯವರ ಒಡಹುಟ್ಟಿದವರು. ರಹಮತ್ ತರೀಕೆರೆಯವರು ಅಮೀರಬಾಯಿಯವರ ಜೀವನಚರಿತ್ರೆ ಬರೆದು ಈ ಸಹೋದರಿಯರನ್ನು ಕನ್ನಡ ಓದುಗರಿಗೆ ಮತ್ತೆ ಪರಿಚಯಿಸಿದರು. ಆದರೂ ನಾಟಕದ ಮಾತು ಬಂದಾಗ, ಸುಶಿಕ್ಷಿತರ ಬಾಯಲ್ಲಿ ಸಹ, ಆ ಹಳೆಯ ದೂರು ಇಂದಿಗೂ ಹೊರಳುತ್ತದೆ. ಇದನ್ನು ಒಪ್ಪಲು ನನಗೆ ಸಾಧ್ಯವಾಗಿಲ್ಲ.

ಕಾಲಾನುಕ್ರಮವನ್ನು ನೋಡಿದರೆ ಸಾಕು. ಗಂಧರ್ವ ನಾಟಕ ಮಂಡಳಿ ಹುಟ್ಟಿದ್ದು 1913ರಲ್ಲಿ. ‘ಸ್ವಯಂವರ’ 1916ರಲ್ಲಿ, ‘ಏಕಚ ಪ್ಯಾಲಾ’ 1919ರಲ್ಲಿ ಬಂದವು. 1921ರಲ್ಲಿ ತಿಲಕ ಸ್ವರಾಜ್ಯ ನಿಧಿಗಾಗಿ ಬಾಲಗಂಧರ್ವರು ಮತ್ತು ಕೇಶವರಾವ ಭೋಸಲೆಯವರು ಒಂದೇ ರಂಗದ ಮೇಲೆ ‘ಮಾನಾಪಮಾನ’ ಆಡಿದ್ದು ಆ ವೈಭವದ ಶಿಖರ. 1934ರ ಹೊತ್ತಿಗೆ ಮಂಡಳಿಯ ಬಾಗಿಲು ಮುಚ್ಚಿತು; ಮರುವರ್ಷವೇ ಬಾಲಗಂಧರ್ವರು ಪ್ರಭಾತ ಕಂಪನಿಯ ‘ಧರ್ಮಾತ್ಮಾ’ ಚಿತ್ರದಲ್ಲಿ ಸಂತ ಏಕನಾಥನಾಗಿ ಕಾಣಿಸಿಕೊಂಡರು. ಗೋಹರಬಾಯಿ ಅವರ ರಂಗಕ್ಕೆ ಬಂದದ್ದು ಆ ದಶಕದ ಕೊನೆಯಲ್ಲಿ, ಎಲ್ಲ ಕಳೆದ ಮೇಲೆ. ಅವರ ಗಾಯನಶೈಲಿಯನ್ನು ಕರಗತ ಮಾಡಿಕೊಂಡಿದ್ದ ಈಕೆ ನಾಯಕಿಯ ಪಾತ್ರಗಳನ್ನು ವಹಿಸಿಕೊಂಡು, ಮುರಿದುಬಿದ್ದ ಸಂಸಾರಕ್ಕೆ ಕಂಬವಾಗಿ ನಿಂತರು ಎನ್ನಬೇಕೇ ಹೊರತು ಮುರಿದವರು ಎನ್ನಲಾಗದು. ಕ್ವೀನ್ ತಂಡದ ಲೆಕ್ಕವೂ ಇದೇ ಬಗೆಯದು. 1982ರಲ್ಲಿ ಅವರ ‘ಹಾಟ್ ಸ್ಪೇಸ್’ ಅಮೆರಿಕದಲ್ಲಿ 22ನೆಯ ಸ್ಥಾನಕ್ಕಿಂತ ಮೇಲೇರಲಿಲ್ಲ. ಮರ್ಕ್ಯುರಿ ಇದ್ದಾಗಿನ ಅವರ ಕೊನೆಯ ಅಮೆರಿಕ ಪ್ರವಾಸವೂ ಅದೇ ವರ್ಷ ಮುಗಿದಿತ್ತು. 1984ರ ‘ದಿ ವರ್ಕ್ಸ್’ 23ರಲ್ಲಿ ನಿಂತಿತು. ಹೆಣ್ಣುವೇಷದ ವೀಡಿಯೊ ಬರುವುದಕ್ಕೆ ಎರಡು ವರ್ಷ ಮೊದಲೇ ಇಳಿಜಾರು ಆರಂಭವಾಗಿತ್ತು. ಆ ವೀಡಿಯೊ ಅಣಕಿಸಿದ್ದು ‘ಕೊರೊನೇಷನ್ ಸ್ಟ್ರೀಟ್’ ಎಂಬ ಬ್ರಿಟಿಷ್ ಧಾರಾವಾಹಿಯನ್ನು. ಅದನ್ನು ನೋಡದ ಅಮೆರಿಕನ್ನರಿಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಊರು ಬಿಟ್ಟು ಊರಿಗೆ ಹೋದ ಹಾಸ್ಯಕ್ಕೆ ಆಗುವ ಗತಿ ಇದು. ಕುಸಿತಕ್ಕೆ ಅದು ವೇಗ ಕೊಟ್ಟಿರಬಹುದು, ಮೂಲಕಾರಣ ಅದಲ್ಲ.

ಒಂದು ಪೇಟೆ ಕಳೆದುಹೋದಾಗ ಜನ ಹಗರಣವನ್ನು ಹುಡುಕುತ್ತಾರೆ, ಸಾಧ್ಯವಾದರೆ ಹೆಂಗಸನ್ನು. ಅರ್ಥಶಾಸ್ತ್ರ ಓದಿದವನಿಗೆ ಇದು ಸಮಾಧಾನ ತರುವುದಿಲ್ಲ. ಕೊಳ್ಳುವವನು ಯಾರು, ಅವನು ಎಲ್ಲಿಂದ ಬಂದ, ಅವನ ಮಗ ಯಾಕೆ ಬರಲಿಲ್ಲ ಎಂಬುದನ್ನು ಅವನು ಮೊದಲು ಕೇಳಬೇಕಾಗುತ್ತದೆ.

ಮರಾಠಿ ಸಂಗೀತನಾಟಕಕ್ಕೆ ಕನ್ನಡ ನಾಡು ಪರದೇಶವಾಗಿರಲಿಲ್ಲ ಎಂಬುದನ್ನು ಮೊದಲು ಒಪ್ಪೋಣ. ಹೊನ್ನಾವರ ಸೀಮೆಯ ಕರ್ಕಿಯ ಭಾಗವತ ಮೇಳ 1842ರಲ್ಲಿ ಸಾಂಗಲಿಗೆ ಹೋಗಿ ಆಡಿದ ಆಟವನ್ನು ನೋಡಿಯೇ ಅಲ್ಲಿನ ಅರಸ ಚಿಂತಾಮಣರಾವ್ ಪಟವರ್ಧನರು ವಿಷ್ಣುದಾಸ ಭಾವೆಯವರಿಗೆ ಅಂಥದೊಂದನ್ನು ಮರಾಠಿಯಲ್ಲಿ ಮಾಡೆಂದರು. 1843ರ ‘ಸೀತಾಸ್ವಯಂವರ’ದಿಂದ ಮರಾಠಿ ರಂಗಭೂಮಿಯ ಲೆಕ್ಕ ಶುರುವಾಗುತ್ತದೆ. 1880ರಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದು ಸಂಗೀತನಾಟಕದ ಯುಗವನ್ನು ತೆರೆದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಆ ನಾಟಕಗಳ ಹಾಡುಗಳಿಗೆ ಕನ್ನಡ ಧಾಟಿಗಳು ಹಾಸುಹೊಕ್ಕಾಗಿದ್ದವು. ಕುಂದಗೋಳದ ರಾಮಭಾವು ಮರಾಠಿ ರಂಗದ ಮೇಲೆ ಹಾಡಿ ಸವಾಯಿ ಗಂಧರ್ವರಾದರು. ಕೊಡುಕೊಳ್ಳುವಿಕೆ ಹೀಗಿರುವಾಗ ಹುಬ್ಬಳ್ಳಿ, ಧಾರವಾಡಗಳಲ್ಲಿ ಮರಾಠಿ ನಾಟಕಕ್ಕೆ ಜನ ಮುಗಿಬಿದ್ದದ್ದು ಆಶ್ಚರ್ಯವಲ್ಲ.

ಆದರೆ ಯಾವ ಜನ? ನಾನು ಸೇವೆಯ ಆರಂಭದ ದಿನಗಳಲ್ಲಿ ನಮ್ಮ ಭಾಗದ ಹಳೆಯ ಕಂದಾಯ ದಫ್ತರಗಳನ್ನು ತೆಗೆಸಿ ನೋಡಿದ್ದುಂಟು. ಊರು ಕನ್ನಡದ್ದು, ಹೊಲದ ಹೆಸರು ಕನ್ನಡದ್ದು, ರೈತ ಕನ್ನಡಿಗ, ಬರೆದದ್ದು ಮಾತ್ರ ಮರಾಠಿ, ಅದೂ ಮೋಡಿ ಲಿಪಿಯಲ್ಲಿ. ಪೇಶ್ವೆ ಆಳಿಕೆಯ ಉಳಿಕೆಯಾಗಿ ಬಂದ ಈ ಪದ್ಧತಿಯನ್ನು ಬ್ರಿಟಿಷ್ ಆಡಳಿತ ಬಹುಕಾಲ ಹಾಗೆಯೇ ಉಳಿಸಿಕೊಂಡಿತು. ಜಮಖಂಡಿ, ರಾಮದುರ್ಗದಂತಹ ಸಂಸ್ಥಾನಗಳ ದರ್ಬಾರಿನ ಮಾತೂ ಮರಾಠಿಯೇ. ಶಾಲೆಗೆ ಹೋದ ಹುಡುಗ ಕಲಿತದ್ದು ಮರಾಠಿ. ಡೆಪ್ಯುಟಿ ಚನ್ನಬಸಪ್ಪನವರಂಥವರು ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಹೋರಾಡಿ ಕನ್ನಡ ಶಾಲೆಗಳನ್ನು ತೆರೆಸುವ ತನಕ ಬೇರೆ ದಾರಿ ಕಡಿಮೆಯಿತ್ತು. ವಕೀಲ, ಕಾರಕೂನ, ಕುಲಕರ್ಣಿ, ಮಾಮಲೇದಾರ, ಶಾಲಾಮಾಸ್ತರ, ಪೇಟೆಯ ದೊಡ್ಡ ವರ್ತಕ: ಮರಾಠಿ ನಾಟಕದ ಮುಂದಿನ ಸಾಲಿನ ಟಿಕೀಟು ಕೊಂಡವರು ಇವರು. ಅವರಿಗೆ ನಾಟಕದ ಸಂಭಾಷಣೆ ತಿಳಿಯುತ್ತಿತ್ತು. ಹಿಂದಿನ ಸಾಲಿನವರಿಗೆ ಹಾಡು ಸಾಕಾಗಿತ್ತು. ಪುರಾಣದ ಕಥೆ ಹೇಗೂ ಗೊತ್ತಿದ್ದುದೇ. ಕೃಷ್ಣ ರುಕ್ಮಿಣಿಯರ ಮಾತು ಅರ್ಥವಾಗದಿದ್ದರೂ ನಷ್ಟವಿಲ್ಲ. ರಾತ್ರಿಯೆಲ್ಲ ‘ವನ್ಸ್ ಮೋರ್’ ಕೂಗಲು ವ್ಯಾಕರಣ ಬೇಕಿಲ್ಲ.

ಹೋಟಗಿಯಿಂದ ವಿಜಾಪುರದ ಮೇಲೆ ಹಾಯ್ದು ಗದಗಿಗೆ 1884ರಲ್ಲಿ ರೈಲು ಬಿದ್ದಮೇಲೆ, ಪರದೆ ಪೆಟ್ಟಿಗೆಗಳನ್ನು ಹೇರಿಕೊಂಡು ಸೊಲ್ಲಾಪುರದಿಂದ ಕೃಷ್ಣೆ ದಾಟಿ ತುಂಗಭದ್ರೆಯ ಸೀಮೆಯವರೆಗೆ ಬರುವುದು ಸುಲಭವಾಯಿತು. ನಮ್ಮ ಸಾಲೋಟಗಿಯವರಿಗೆ ಇಂಡಿ ರೋಡ್ ನಿಲ್ದಾಣವೇ ಲೋಕದ ಬಾಗಿಲು. ಬಟ್ಟೆಗೆ, ದವಾಖಾನೆಗೆ, ಆಟ ನೋಡಲು ಸೊಲ್ಲಾಪುರಕ್ಕೆ ಹೋಗುವುದು ನಮ್ಮ ಕಡೆ ತಲೆಮಾರುಗಳ ರೂಢಿ. ನಾನು ಹುಡುಗನಾಗಿದ್ದಾಗ ಊರಿನ ಒಂದು ಮನೆಯಲ್ಲಿ ಕೀಲಿ ಕೊಡುವ ಗ್ರಾಮಾಫೋನ್ ಇತ್ತು. ಆ ಮನೆಯ ಹಿರಿಯರಿಗೆ ಬಾಲಗಂಧರ್ವರ ಹಾಡುಗಳೆಲ್ಲ ಬಾಯಿಪಾಠ. ಅವರ ಮಕ್ಕಳಿಗೆ ರಾಗ ಗೊತ್ತು, ಮಾತು ಗೊತ್ತಿಲ್ಲ. ಮೊಮ್ಮಕ್ಕಳಿಗೆ ಎರಡೂ ಇಲ್ಲ. ಮೂರು ತಲೆಮಾರಿನಲ್ಲಿ ಒಂದು ಪೇಟೆ ಕರಗುವುದೆಂದರೆ ಹೀಗೆ; ಯಾರೂ ಯಾರ ಮೇಲೂ ಮುನಿಸಿಕೊಂಡಿರಲಿಲ್ಲ.

ಪ್ರೇಕ್ಷಕವರ್ಗವೆಂಬುದು ಕೆರೆಯ ನೀರಿನಂತೆ. ಒಳಹರಿವು ನಿಂತರೆ ಎಷ್ಟೇ ದೊಡ್ಡ ಕೆರೆಯಾದರೂ ಕೆಲವು ಬೇಸಿಗೆಗಳಲ್ಲಿ ಬತ್ತುತ್ತದೆ. ಮರಾಠಿ ಕಲಿತ ಕನ್ನಡಿಗರನ್ನು ತಯಾರಿಸುತ್ತಿದ್ದುದು ನಾಟಕ ಮಂಡಳಿಯಲ್ಲ, ಸರಕಾರಿ ಶಾಲೆ ಮತ್ತು ಕಚೇರಿ. ಮಂಡಳಿಗೆ ಅದು ಪುಕ್ಕಟೆಯಾಗಿ ಸಿಕ್ಕ ಬಂಡವಾಳ. ಪುಕ್ಕಟೆ ಸಿಕ್ಕದ್ದರ ಲೆಕ್ಕ ಯಾರೂ ಇಡುವುದಿಲ್ಲವಾದ್ದರಿಂದ, ಅದು ಕರಗುತ್ತಿರುವುದೂ ಯಾರ ಗಮನಕ್ಕೆ ಬರಲಿಲ್ಲ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾಯಿತು. 1910ರಲ್ಲಿ ವಿಜಾಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಹುಟ್ಟಿತು. 1923ರಲ್ಲಿ ಅದೇ ಊರಿನಲ್ಲಿ ಕುಳಿತು ಫ.ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ, ಮರುವರ್ಷ ‘ನವಕರ್ನಾಟಕ’. ನಮ್ಮ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮತ್ತವರ ಗೆಳೆಯರು ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳ ಹಾಡುಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದರು. ಅದೇ ವರ್ಷ ಬಾಲಗಂಧರ್ವರು ‘ಕಾನ್ಹೋಪಾತ್ರಾ’ವನ್ನು ರಂಗಕ್ಕೆ ತಂದರು. ಒಂದೇ ವರ್ಷದ ಈ ಎರಡು ಘಟನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಪೇಟೆ ಯಾವ ಕಡೆ ತಿರುಗುತ್ತಿತ್ತು ಎಂಬುದು ತಿಳಿಯುತ್ತದೆ. ಓದು ಬಲ್ಲ ಕನ್ನಡಿಗನಿಗೆ ಮರಾಠಿಯನ್ನು ದಾಟದೆ ತನ್ನ ಮಾತಿನಲ್ಲೇ ರುಚಿಯ ಸಾಮಗ್ರಿ ಸಿಗತೊಡಗಿತ್ತು. ಕುಟುಂಬದಲ್ಲಿ ಮೊದಲ ಬಾರಿಗೆ ಶಾಲೆಗೆ ಹೋದ ಒಕ್ಕಲಿಗರ, ನೇಕಾರರ, ಅಂಗಡಿಕಾರರ ಮಕ್ಕಳಿಗೆ ಮರಾಠಿಯ ಹಂಗು ಎಂದೂ ಇರಲೇ ಇಲ್ಲ.

ಇದು ಮರಾಠಿ ದ್ವೇಷದ ಫಲವೆಂದು ಹೇಳುವವರಿದ್ದಾರೆ. ಗಡಿಯ ಎರಡೂ ಬದಿಯ ಭಾಷಣಕಾರರಿಗೆ ಅನುಕೂಲವಾದ ಮಾತು. ಆದರೆ ದ್ವೇಷವಿದ್ದಲ್ಲಿ ಹಾಡನ್ನೂ ಬಿಡಬೇಕಿತ್ತು. ಧಾರವಾಡದ ಬೈಠಕ್ಕುಗಳಲ್ಲಿ ನಾಟ್ಯಗೀತೆ ಹಾಡದೆ ಗಾಯಕನನ್ನು ಏಳಗೊಡದ ಶ್ರೋತೃಗಳನ್ನು ನಾನು ವಿದ್ಯಾರ್ಥಿಯಾಗಿ ಎಂಬತ್ತರ ದಶಕದಲ್ಲೂ ಕಂಡಿದ್ದೇನೆ. ಮನೆಮಾತು ಮರಾಠಿಯಾದ ಬೇಂದ್ರೆಯವರು ಕನ್ನಡದ ವರಕವಿಯಾದರು. 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಜನ ಮರಾಠಿಯನ್ನು ತೊರೆಯಲಿಲ್ಲ. ಮೂರು ತಾಸು ಮರಾಠಿ ಸಂಭಾಷಣೆ ಕೇಳಲು ಹಣ ಕೊಡುವುದನ್ನು ಬಿಟ್ಟರು. ಎರಡಕ್ಕೂ ವ್ಯತ್ಯಾಸವಿದೆ.

ಮಂಡಳಿ ಮಾರುತ್ತಿದ್ದುದು ಒಂದು ಸರಕಲ್ಲ, ಮೂರು ಸರಕುಗಳ ಕಟ್ಟು: ಗಾಯನ, ಕಥೆ, ವೈಭವ. ಇಪ್ಪತ್ತು ಮೂವತ್ತರ ದಶಕಗಳಲ್ಲಿ ಈ ಕಟ್ಟು ಬಿಚ್ಚಿಹೋಯಿತು. ಗಾಯನವನ್ನು ಗ್ರಾಮಾಫೋನ್ ತಟ್ಟೆ ಕೊಂಡೊಯ್ದಿತು. ಮುಂದೆ ಅಬ್ದುಲ್ ಕರೀಮ್ ಖಾನರ ಶಿಷ್ಯಪರಂಪರೆ ಹುಬ್ಬಳ್ಳಿ ಧಾರವಾಡಗಳಲ್ಲಿ ಬೇರೂರಿ, 1950ರಲ್ಲಿ ಧಾರವಾಡ ಆಕಾಶವಾಣಿಯೂ ಬಂದಾಗ, ಶಾಸ್ತ್ರೀಯ ಸಂಗೀತ ಕೇಳಲು ನಾಟಕದ ಟಿಕೀಟು ಬೇಕಿರಲಿಲ್ಲ. ವೈಭವವನ್ನು ಸಿನೆಮಾ ಕಸಿದುಕೊಂಡಿತು. 1931ರಲ್ಲಿ ‘ಆಲಂ ಆರಾ’ ಮಾತಾಡಿತು. 1934ರಲ್ಲಿ ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ ಬಂತು. ಅದನ್ನು ಚಿತ್ರೀಕರಿಸಿದ್ದು ಕೊಲ್ಲಾಪುರದ ಸ್ಟುಡಿಯೋದಲ್ಲಿ. ಮರಾಠಿಯ ಯಂತ್ರ, ಕನ್ನಡದ ಮಾತು: ನಾಟಕ ಮಂಡಳಿಗೆ ಹೊಳೆಯದ ಯುಕ್ತಿ ಸಿನೆಮಾದವರಿಗೆ ಹೊಳೆಯಿತು.

ಕಥೆಯನ್ನು ಕನ್ನಡ ಕಂಪನಿಗಳು ತೆಗೆದುಕೊಂಡವು. ಇಲ್ಲಿ ಸ್ವಲ್ಪ ನಿಲ್ಲಬೇಕು. ಮರಾಠಿ ಮಂಡಳಿಗಳ ಆಕ್ರಮಣಕ್ಕೆ ಉತ್ತರವಾಗಿ ಗದಗಿನಲ್ಲಿ ಶಾಂತಕವಿಗಳು, ಅಂದರೆ ಸಕ್ಕರಿ ಬಾಳಾಚಾರ್ಯರು, 1870ರ ದಶಕದಲ್ಲೇ ಕನ್ನಡ ಮಂಡಳಿ ಕಟ್ಟಿದ್ದರು. ಆಗ ಅವರದು ಏಕಾಂಗಿ ಸಾಹಸ. ಮುಂದೆ ಕೊಣ್ಣೂರ ಕಂಪನಿ, ಶಿರಹಟ್ಟಿ ಕಂಪನಿ, ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ವಾಮನರಾವ್ ಮಾಸ್ತರರ ವಿಶ್ವಗುಣಾದರ್ಶ ಮಂಡಳಿಗಳು ಬಂದವು. ಇವರು ಪುಣೆಯವರಿಂದ ಎಲ್ಲವನ್ನೂ ಕಲಿತರು: ಪರದೆ, ಪೇಟಿ, ನಾಂದಿ, ಹಾಡಿನ ಧಾಟಿ, ಜಾಹೀರಾತಿನ ಅಬ್ಬರ. ಧಾಟಿ ಹಾಗೆಯೇ ಇಟ್ಟು ಕನ್ನಡದ ಮಾತು ಹಾಕಿದರು. ಮಲ್ಲಿಕಾರ್ಜುನ ಮನಸೂರರು ಬಾಲನಟರಾಗಿ ಹಾಡಿದ್ದು ವಾಮನರಾಯರ ರಂಗದ ಮೇಲೆ. ಬಾಲಗಂಧರ್ವರ ಮಟ್ಟದ ಕಂಠ ಇವರಲ್ಲಿ ಎಲ್ಲರಿಗೂ ಇರಲಿಲ್ಲ, ನಿಜ. ಆದರೆ ನಾಯಕಿ ಅತ್ತಾಗ ಹಿಂದಿನ ಸಾಲಿನ ರೈತನೂ ಅಳುತ್ತಿದ್ದ. ಹಾಸ್ಯಗಾರನ ಮಾತಿಗೆ ನಾಲ್ಕಾಣೆ ಟಿಕೀಟಿನವನೂ ನಗುತ್ತಿದ್ದ. ಹೆಣ್ಣುಪಾತ್ರಕ್ಕೆ ಹೆಣ್ಣುಮಕ್ಕಳನ್ನೇ ತರುವ ವಿಷಯದಲ್ಲೂ ನಮ್ಮ ಕಂಪನಿಗಳು ಹಿಂದೆ ಬೀಳಲಿಲ್ಲ. ಲಕ್ಷ್ಮೇಶ್ವರದ ಬಚ್ಚಾಸಾನಿ, ಗುರ್ಲಹೊಸೂರಿನ ಯಲ್ಲವ್ವನವರ ಸ್ತ್ರೀ ನಾಟಕ ಮಂಡಳಿಗಳ ಹೆಸರನ್ನು ಇಂದು ಎಷ್ಟು ಜನ ನೆನೆಯುತ್ತಾರೋ ತಿಳಿಯದು. ಮರಾಠಿಯಲ್ಲಿ 1933ರ ‘ಆಂಧಳ್ಯಾಂಚೀ ಶಾಳಾ’ದಲ್ಲಿ ಜ್ಯೋತ್ಸ್ನಾ ಭೋಳೆಯವರು ಬಂದಮೇಲೆ ಪುರುಷನ ಸೀರೆಯ ಕಾಲ ಅಲ್ಲಿಯೂ ಮುಗಿಯುತ್ತ ಬಂದಿತ್ತು.

ಖರ್ಚಿನ ಮಾತನ್ನೂ ಹೇಳಬೇಕು, ಏಕೆಂದರೆ ದೂರದ ಪೇಟೆಯನ್ನು ಮೊದಲು ಕೊಲ್ಲುವುದು ಅದು. ಗಂಧರ್ವ ಮಂಡಳಿ ದೊಡ್ಡ ಪರಿವಾರ. ತಬಲಾಕ್ಕೆ ಅಹಮದ್‌ಜಾನ್ ಥಿರಕವಾ, ಸಾರಂಗಿಗೆ ಕಾದರಬಕ್ಷ್. ರಂಗದ ಮೇಲೆ ಅಸಲಿ ಜರತಾರಿ, ಅಸಲಿ ಅತ್ತರು. ಊರಿಂದ ಊರಿಗೆ ಹೋಗಲು ಬಾಡಿಗೆ, ಆಡದ ದಿನವೂ ಊಟ. 1966ರಲ್ಲಿ ವಿಲಿಯಂ ಬೌಮೋಲ್ ಮತ್ತು ವಿಲಿಯಂ ಬೊವೆನ್ ಎಂಬ ಅರ್ಥಶಾಸ್ತ್ರಜ್ಞರು ಪ್ರದರ್ಶಕ ಕಲೆಗಳ ಬಗ್ಗೆ ಬರೆದ ಗ್ರಂಥದಲ್ಲಿ ಒಂದು ಸರಳ ಸತ್ಯವಿದೆ: ಕಾರಖಾನೆಯಲ್ಲಿ ಒಬ್ಬ ಕೆಲಸಗಾರನ ಉತ್ಪಾದನೆ ವರ್ಷವರ್ಷಕ್ಕೆ ಏರುತ್ತದೆ, ಆದರೆ ನಾಲ್ವರು ನುಡಿಸುವ ಒಂದು ಕೃತಿಗೆ ಇನ್ನೂರು ವರ್ಷದ ನಂತರವೂ ನಾಲ್ವರೇ ಬೇಕು, ಅಷ್ಟೇ ಹೊತ್ತು ಬೇಕು, ಕೂಲಿ ಮಾತ್ರ ಉಳಿದವರ ಜೊತೆಗೆ ಏರುತ್ತದೆ. ಕಲೆಯ ಖರ್ಚು ಹೀಗಾಗಿ ಸದಾ ಮುಂದೆ ಓಡುತ್ತದೆ. ಮೂವತ್ತರ ಆರ್ಥಿಕ ಕುಸಿತದಲ್ಲಿ ಹತ್ತಿ ಜೋಳಗಳ ಧಾರಣೆ ಬಿದ್ದು ನಮ್ಮ ಕಡೆಯ ವರ್ತಕನ ಕೈ ಖಾಲಿಯಾದಾಗ ಸೋಪಾಸೆಟ್ಟಿನ ಟಿಕೀಟು ಕೊಳ್ಳುವವರು ಯಾರು? ಆಗ ಮಂಡಳಿ ತನ್ನ ಖರ್ಚನ್ನು ಇಳಿಸಿ, ಚಿಕ್ಕ ತಂಡವಾಗಿ, ಕನ್ನಡದ ಒಂದೆರಡು ಪ್ರವೇಶಗಳನ್ನಾದರೂ ಸೇರಿಸಿ ಬರಬಹುದಿತ್ತು. ಬಾಲಗಂಧರ್ವರ ಸ್ವಭಾವಕ್ಕೆ ಅದು ಒಗ್ಗುವಂಥದ್ದಲ್ಲ. ಪ್ರೇಕ್ಷಕನನ್ನು ‘ಮಾಯಬಾಪ’ ಎಂದು ಕೈಮುಗಿದು ಕರೆದ ಆ ಮಹಾನುಭಾವರು, ಅವನಿಗೆ ಕೊಡುವ ಸೀರೆಯ ಜರಿಯಲ್ಲಿ ಮೋಸ ಮಾಡಲು ಒಪ್ಪುವವರಲ್ಲ. ಅದು ಅವರ ದೊಡ್ಡತನ. ಆ ದೊಡ್ಡತನವೇ ಕಟ್ಟೆಯಿಲ್ಲದ ಖರ್ಚಿಗೆ ದಾರಿಯಾಯಿತು.

ಒಂದು ಅಸಮತೆಯನ್ನು ಗಮನಿಸಬೇಕು. ಮರಾಠಿ ಪೇಟೆಯಲ್ಲಿ ಗೆದ್ದ ಕನ್ನಡಿಗರೆಲ್ಲ ಮರಾಠಿ ಕಲಿತು ಗೆದ್ದರು. ಗೋಹರಬಾಯಿ ಕಲಿತರು. ಹುಬ್ಬಳ್ಳಿ ಬಳಿಯ ಅದರಗುಂಚಿಯ ಶಾಂತಾ ಹುಬಳೀಕರ ಕಲಿತು, 1939ರ ‘ಮಾಣೂಸ್’ ಚಿತ್ರದಲ್ಲಿ ಮರಾಠಿಗರ ಮನೆಮಾತಾದರು. ಕನ್ನಡ ಪೇಟೆಗೆ ಬಂದ ಮರಾಠಿ ಮಂಡಳಿಗೆ ಕನ್ನಡ ಕಲಿಯುವ ಅಗತ್ಯ ಕಾಣಲಿಲ್ಲ. ಪ್ರೇಕ್ಷಕನೇ ತಮ್ಮ ಭಾಷೆ ಕಲಿತು ಬರುತ್ತಿದ್ದಾನೆ, ಇನ್ನೇನು ಎಂಬ ಭರವಸೆ.

ಮರಾಠಿ ಮಂಡಳಿ ಬಿಟ್ಟುಹೋದ ಜಾಗದಲ್ಲಿ ಏನು ಬೆಳೆಯಿತು ಎಂಬುದಕ್ಕೆ ನಮ್ಮ ಜಿಲ್ಲೆಗಳೇ ಸಾಕ್ಷಿ. ನಮ್ಮ ಇಂಡಿ ತಾಲೂಕಿನ ಅಗರಖೇಡದಲ್ಲಿ ಹುಟ್ಟಿದ ಶ್ರೀರಂಗರು ಹಾಡಿಲ್ಲದ, ಪರದೆಯ ಆಡಂಬರವಿಲ್ಲದ ನಾಟಕಗಳನ್ನು ಬರೆದು ಧಾರವಾಡದ ಕಾಲೇಜು ತರುಣರಿಗೆ ಹೊಸ ರುಚಿ ಹಚ್ಚಿದರು. ಅವರ ‘ಹರಿಜನ್ವಾರ’ಕ್ಕೆ ಮಡಿವಂತರು ಕೆರಳಿದ್ದುಂಟು. ಇನ್ನೊಂದು ತುದಿಯಲ್ಲಿ ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘ ‘ಜಗಜ್ಯೋತಿ ಬಸವೇಶ್ವರ’ವನ್ನು ಊರೂರಿಗೆ ಒಯ್ದಿತು. ಬಸವನ ಬಾಗೇವಾಡಿಯ ಸೀಮೆಯಲ್ಲಿ ಆ ನಾಟಕಕ್ಕೆ ಯಾವ ಗಂಧರ್ವಗಾನ ಸಾಟಿಯಾದೀತು? ಸೂಳೇಭಾವಿಯ ಪಿ.ಬಿ. ಧುತ್ತರಗಿಯವರು ನಮ್ಮ ಹೊಲಗೇರಿಯ ಮಾತಿನಲ್ಲೇ ಸಾಹುಕಾರ ರೈತರ ಜಗಳವನ್ನು ಬರೆದರು. ಅವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ಡಾ. ರಾಜಕುಮಾರರ ಚಿತ್ರವಾಗಿ ಬೆಂಗಳೂರು ಮೈಸೂರುಗಳಲ್ಲೂ ಓಡಿತು. ವಿಜಾಪುರದ ಸಿದ್ಧೇಶ್ವರ ಜಾತ್ರೆ, ಬಾದಾಮಿಯ ಬನಶಂಕರಿ ಜಾತ್ರೆಗಳಲ್ಲಿ ಹಲವು ಕಂಪನಿಗಳು ಒಟ್ಟಿಗೆ ಬೀಡುಬಿಟ್ಟು, ದಿನಕ್ಕೆ ಎರಡು ಮೂರು ಆಟ ಆಡಿ ತುಂಬಿ ತುಳುಕಿದ ಕಾಲವನ್ನು ಸರಕಾರಿ ಅಧಿಕಾರಿಯಾಗಿ ಪರವಾನಗಿಯ ಕಾಗದಕ್ಕೆ ಸಹಿ ಹಾಕುತ್ತ ನಾನು ನೋಡಿದ್ದೇನೆ.

ಆ ಕಾಗದ ಹಿಡಿದು ಬಂದ ಒಬ್ಬ ವಯಸ್ಸಾದ ಮಾಲೀಕರು ಒಮ್ಮೆ ಹೇಳಿದರು: “ಸಾಹೇಬ್ರ, ಮೊದಲ ಭೀಮಾ ಹೊಳಿ ದಾಟಿ ಅಕ್ಕಲಕೋಟಿ, ಜತ್ತದಾಗ ಕ್ಯಾಂಪ್ ಹಾಕತಿದ್ವಿರಿ. ಮುದುಕ್ರು ಬರ್ತಾರ್ರಿ, ಹುಡುಗ್ರು ಬರಂಗಿಲ್ರಿ. ಹುಡುಗ್ರಿಗೆ ನಮ್ಮ ಬೋರ್ಡ್ ಓದಾಕ ಬರಂಗಿಲ್ರಿ.” ಅರ್ಥಶಾಸ್ತ್ರದ ಯಾವ ಪಾಠದಲ್ಲೂ ಇಷ್ಟು ಕಡಿಮೆ ಮಾತಿನಲ್ಲಿ ಇದನ್ನು ನಾನು ಕೇಳಿರಲಿಲ್ಲ. ಗಂಧರ್ವ ಮಂಡಳಿಗೆ ನಮ್ಮ ಕಡೆ ಆದದ್ದು, ನಮ್ಮ ಕಂಪನಿಗಳಿಗೆ ಆ ಕಡೆ ಆಗುತ್ತಿತ್ತು.

ಸೊಲ್ಲಾಪುರ, ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳಲ್ಲಿ ಕನ್ನಡ ಮನೆಮಾತಾಗಿರುವವರು ಬಹುಸಂಖ್ಯೆಯಲ್ಲಿದ್ದಾರೆ. 1967ರಲ್ಲಿ ಮಹಾಜನ ಆಯೋಗ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಪ್ರದೇಶಗಳು ನಮಗೆ ಸೇರಬೇಕೆಂದು ಹೇಳಿದ ಮೇಲೆ ನಾವು ಆ ವರದಿಯನ್ನು ಉದ್ಧರಿಸುವುದನ್ನೇ ಕನ್ನಡದ ಕೆಲಸವೆಂದು ತಿಳಿದೆವು. 2022ರ ಕೊನೆಯಲ್ಲಿ ಜತ್ತದ ಹಳ್ಳಿಗಳ ವಿಷಯ ಮತ್ತೆ ಎದ್ದಾಗಲೂ ಎರಡೂ ರಾಜಧಾನಿಗಳಿಂದ ಮಾತು ಹರಿಯಿತು. ಗಡಿರೇಖೆ ಅಲುಗಾಡುವ ಲಕ್ಷಣ ನನಗಂತೂ ಕಾಣದು. ಅದರ ಬಗ್ಗೆ ಜಗಳವಾಡುವುದೂ ಈ ಬರಹದ ಉದ್ದೇಶವಲ್ಲ. ಅಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ, ಮಹಾರಾಷ್ಟ್ರದ ಜಿಲ್ಲಾ ಪರಿಷತ್ತುಗಳು ನಡೆಸುವವೂ ಇವೆ. ಅವುಗಳಿಂದ ಹೊರಬರುವ ಹುಡುಗ ನೌಕರಿಗಾಗಿ ಮರಾಠಿಗೋ ಇಂಗ್ಲಿಷಿಗೋ ಹೊರಳುವುದು ಸಹಜ. ನಮ್ಮ ಅಜ್ಜಂದಿರೂ ಹಾಗೆಯೇ ಮರಾಠಿಗೆ ಹೊರಳಿದ್ದರು. ಆದರೆ ಕನ್ನಡದಲ್ಲಿ ಒಂದು ನಾಟಕ ನೋಡಿ ಮೈಮರೆಯುವಷ್ಟು ಕನ್ನಡ ಅವನಲ್ಲಿ ಉಳಿಯುತ್ತದೆಯೋ ಇಲ್ಲವೋ ಎಂಬುದು ನಾವು ಅಲ್ಲಿಗೆ ಏನನ್ನು ಒಯ್ಯುತ್ತೇವೆ ಎಂಬುದರ ಮೇಲೆ ನಿಂತಿದೆ. ಮರಾಠಿ ಶಾಲೆಯಲ್ಲಿ ಓದಿದ ಕನ್ನಡ ಹುಡುಗನನ್ನು ಹೊರಗಿಟ್ಟು ಶುದ್ಧ ಕನ್ನಡಿಗನನ್ನು ಹುಡುಕುತ್ತ ಹೋದರೆ ಮುಂದಿನ ಸಾಲೂ ಖಾಲಿ, ಹಿಂದಿನ ಸಾಲೂ ಖಾಲಿ.

ನಮ್ಮ ಸಾಲೋಟಗಿಯ ಶಾಸನವನ್ನು ಇಲ್ಲಿ ನೆನೆಯುವುದು ಊರಿನ ಅಭಿಮಾನಕ್ಕಲ್ಲ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, 945ರ ಆ ಕಂಬದ ಬರಹದಲ್ಲಿ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಯ ವಿವರವಿದೆ. ಬೇರೆ ಬೇರೆ ಜನಪದಗಳಿಂದ ಬಂದ ವಿದ್ಯಾರ್ಥಿಗಳ ವಸತಿಗೆ 27 ಮನೆಗಳು. ದೀಪದ ಎಣ್ಣೆಗೇ ಪ್ರತ್ಯೇಕವಾಗಿ 12 ನಿವರ್ತನ ಭೂಮಿ. ವಿದ್ಯೆಯನ್ನು ಹೊಗಳುವ ಶಾಸನಗಳು ಬೇಕಾದಷ್ಟಿವೆ. ಈ ಶಾಸನ ಬರೆಸಿದವನು ಕಲಿಯಲು ಬರುವವನು ಎಲ್ಲಿ ಮಲಗುತ್ತಾನೆ, ಯಾವ ಬೆಳಕಿನಲ್ಲಿ ಓದುತ್ತಾನೆ ಎಂದು ಯೋಚಿಸಿದ್ದ.

ಅಂಥ ಯೋಚನೆ ನಮ್ಮ ಸಂಸ್ಕೃತಿ ಇಲಾಖೆಯ ಅನುದಾನದ ನಿಯಮಗಳಲ್ಲಿ ಬರಬೇಕಾಗಿದೆ. ವೃತ್ತಿನಾಟಕ ಕಂಪನಿಗೆ ವಾರ್ಷಿಕ ಧನಸಹಾಯವೆಂದರೆ ಕಂಪನಿ ಬದುಕಿದ್ದೀತು, ಪ್ರೇಕ್ಷಕ ಹುಟ್ಟುವುದಿಲ್ಲ. ಅದರ ಬದಲು, ಅಥವಾ ಅದರ ಜೊತೆಗೆ, ಭೀಮೆಯ ಆಚೆ ತಿಂಗಳ ಮಟ್ಟಿಗೆ ಕ್ಯಾಂಪು ಹಾಕುವ ಕಂಪನಿಗೆ ಸಾಗಾಣಿಕೆಯ ವೆಚ್ಚ ಕೊಡಲಿ. ಅಲ್ಲಿನ ಕನ್ನಡ ಶಾಲೆಯ ಮಕ್ಕಳಿಗೂ, ಮರಾಠಿ ಶಾಲೆಗೆ ಹೋಗುವ ಕನ್ನಡ ಮನೆಗಳ ಮಕ್ಕಳಿಗೂ ಹಗಲಿನ ಆಟವೊಂದನ್ನು ಉಚಿತವಾಗಿ ಆಡಿಸಿ ಅದರ ಟಿಕೀಟಿನ ಹಣವನ್ನು ಕಂಪನಿಗೆ ತುಂಬಿಕೊಡಲಿ. ಬೋರ್ಡನ್ನು ಎರಡೂ ಲಿಪಿಗಳಲ್ಲಿ ಬರೆಸಲಿ. ಇದರಿಂದ ಕನ್ನಡಕ್ಕೆ ಅವಮಾನವಾಗುವುದೆಂದು ನನಗೆ ಅನಿಸುವುದಿಲ್ಲ. ಮೊದಲ ವರ್ಷದ ಆಟಗಳಲ್ಲಿ ಗೋಹರಬಾಯಿ ಕರ್ನಾಟಕಿಯವರ ಬಾಳನ್ನು ಕುರಿತ ಒಂದು ಹೊಸ ನಾಟಕವಿರಲಿ, ಹಾಡುಗಳು ಎರಡೂ ಭಾಷೆಗಳಲ್ಲಿರಲಿ. 1964ರಲ್ಲಿ ತೀರಿಕೊಂಡ ಆಕೆಗೆ ಅವರ ಎರಡೂ ಊರುಗಳು ಇನ್ನೂ ಕೊಡಬೇಕಾದ ಗೌರವ ಬಾಕಿ ಇದೆ. ಆಡಳಿತದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದವನಾಗಿ ಹೇಳುತ್ತೇನೆ, ಇಷ್ಟಕ್ಕೂ ತಗಲುವ ಹಣವನ್ನು ಜಿಲ್ಲಾ ಉತ್ಸವವೊಂದರ ವೇದಿಕೆ ಮತ್ತು ವಿದ್ಯುದ್ದೀಪಗಳ ಬಾಬತ್ತಿನಲ್ಲೇ ಹುಡುಕಬಹುದು. ಹೊಸ ಮಂಜೂರಾತಿಗೆ ಕಾಯಬೇಕಾದ ಕೆಲಸ ಇದಲ್ಲ.